ಹಳೇ ಆಂಪಾ, ಹೊಸ ಡಬ್ಬಿಯಾ? ನಮ್ಮನೆ ಜಗಲೀಲಿ ಕೂರಿಸಿ ಕೇಳಿದ್ದು

ಹಳೇ ಸ್ಟೀರಿಯೋ ಸೆಟ್ ಕಟ್ಕೋಬೇಕು ಅನ್ನೋರೆಲ್ಲ ಮೊದ್ಲು ಕೇಳೋದು "ಯಾವ ಆಂಪ್ (ಆಂಪ್ಲಿಫೈಯರ್) ತಗೊಳ್ಲಿ" ಅಂತ. ತೀರ್ಥಹಳ್ಳಿ ಕಡೆ ನಮ್ಮ ಹೆಂಚಿನ ಮನೇಲಿ ಎರಡು ಆಂಪ್, ಎರಡು ಜೊತೆ ಸ್ಪೀಕರ್, ಎರಡು ಕಾರ್ಟ್ರಿಡ್ಜ್ (ಪ್ಲೇಟಿನ ಗೆರೆ ಓದೋ ಮುಳ್ಳು ಕೂತಿರೋ ಭಾಗ) ಅದಲು ಬದಲು ಮಾಡಿ ಮಳೆಗಾಲದಲ್ಲೂ ಬೇಸಿಗೇಲೂ ಕೇಳಿದೀನಿ, ಹಂಗಾಗಿ ನೇರವಾಗೇ ಹೇಳ್ತೀನಿ, ಆಂಪ್ ಬದಲಾಯಿಸಿದ್ರೆ ಆಗೋ ವ್ಯತ್ಯಾಸ ಕಮ್ಮಿ, ಮುಳ್ಳು ಬದಲಾಯಿಸಿದ್ರೆ ಜಾಸ್ತಿ, ಸ್ಪೀಕರ್ ಬದಲಾಯಿಸಿದ್ರೆ ಇನ್ನೂ ಜಾಸ್ತಿ. ಆದ್ರೆ ಜನ ದುಡ್ಡು ಹಾಕೋದು ಉಲ್ಟಾ.

ಆಂಪ್ ವಿಷ್ಯ ಮೊದ್ಲು ನೋಡ್ಬಿಡೋಣ. ಒಂದು 70ರ ದಶಕದ ಕೊನೇ ಕಡೆಯ ಜಪಾನಿ ಇಂಟಿಗ್ರೇಟೆಡ್ ಆಂಪ್, ಎತ್ತೋಕೆ ಎರಡೂ ಕೈ ಬೇಕು. ಇನ್ನೊಂದು ಟಿಪಿಎ3116 ಚಿಪ್ ಇರೋ ಅಂಗೈ ಅಗಲದ, ಹೊಸ ತರದ ಕ್ಲಾಸ್-ಡಿ ಆಂಪ್ ಡಬ್ಬಿ, 24 ವೋಲ್ಟ್ ಅಡಾಪ್ಟರಲ್ಲಿ ಓಡತ್ತೆ. ಎರಡರದ್ದೂ ಸೌಂಡು ಒಂದೇ ಮಟ್ಟಕ್ಕೆ ತಂದು ಕೇಳ್ಬೇಕು, ಫೋನಲ್ಲಿರೋ ಡೆಸಿಬಲ್ ಆಪ್ ಸಾಕು, ಯಾಕಂದ್ರೆ ಯಾವುದು ಒಂಚೂರು ಜೋರಿದ್ರೂ ಕಿವಿ ಅದನ್ನೇ ಚೆನ್ನಾಗಿದೆ ಅನ್ನತ್ತೆ. ಹಂಗೆ ಸಮ ಮಾಡಿ, ಟೋನ್ ಗುಬ್ಬಿಗಳನ್ನ ನಡುವಿಗಿಟ್ಟು ಹಿಂದೂಸ್ತಾನಿ ಗಾಯನದ ಎಲ್‌ಪಿ ಹಾಕಿದ್ರೆ ತಂಬೂರಿ ಎರಡರಲ್ಲೂ ಹತ್ತತ್ರ ಒಂದೇ. ಮನೆಯವರಿಗೆ ಯಾವುದು ಓಡ್ತಿದೆ ಅಂತ ಹೇಳ್ದೆ ಕೇಳಿಸ್ದೆ, ಅವರಿಗೂ ಗುರುತು ಸಿಗಲಿಲ್ಲ.

ಹಂಗಂತ ಹಳೇದು ಬೇಡ ಅಂತಲ್ಲ. ಅದರಲ್ಲಿ ಫೋನೋ ಇನ್‌ಪುಟ್ (ಟರ್ನ್‌ಟೇಬಲ್ ನೇರ ಜೋಡಿಸೋ ಜಾಗ) ಇದೆ. ಕಾರ್ಟ್ರಿಡ್ಜಿಂದ ಬರೋದೇ 4-5 ಮಿಲಿವೋಲ್ಟ್, ಅದನ್ನ ನೂರು ಪಟ್ಟು ಎತ್ತಿ, ಪ್ಲೇಟು ಕೊರೆಯುವಾಗ ತಗ್ಗಿಸಿದ ಬೇಸನ್ನ ಆರ್‌ಐಎಎ ಅನ್ನೋ ಎಲ್ಲರೂ ಒಪ್ಪಿದ ಲೆಕ್ಕದಲ್ಲಿ ವಾಪಸ್ ಏರಿಸಿ, ಹಂಗೇ ಏರಿಸಿದ್ದ ಟ್ರೆಬಲ್ ಇಳಿಸೋ ಕೆಲ್ಸ ಅದೊಂದೇ ಮಾಡ್ಕೊಳತ್ತೆ. ಹೊಸ ಡಬ್ಬಿಗೆ ಬೇರೆ ಫೋನೋ ಪ್ರೀಆಂಪ್ ಬೇಕು, ಇನ್ನೊಂದು ಅಡಾಪ್ಟರು, ಇನ್ನೊಂದು ಜೊತೆ ವೈರು. ಆಮೇಲೆ ಲೌಡ್‌ನೆಸ್ ಬಟನ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಣ್ಣಕ್ಕೆ ಹಾಕ್ಕೊಂಡು ಕೇಳೋವಾಗ ಕಿವಿಗೆ ಬೇಸು ಕಮ್ಮಿ ಕೇಳತ್ತೆ, ಆ ಬಟನ್ ಒತ್ತಿದ್ರೆ ಹಾಡು ಮತ್ತೆ ತುಂಬ್ಕೊಳತ್ತೆ, ಇದೊಂದಕ್ಕೇ ನನ್ನ ಮಟ್ಟಿಗೆ ಹಳೇದೇ ಮೇಲು.

ಆದ್ರೆ ಹಳೇದಕ್ಕೆ ಖರ್ಚಿದೆ. ನಮ್ಮ ತಂಡಿಗೆ ವಾಲ್ಯೂಮ್ ಕಂಟ್ರೋಲು, ಸ್ವಿಚ್ಚು ಎಲ್ಲ ಒಳಗೇ ಕಿಲುಬು ಹಿಡ್ದು ತಿರುಗಿಸಿದಾಗ ಕರಕರ ಅನ್ನತ್ತೆ, ಒಂದು ಕಡೆ ಸ್ಪೀಕರ್ ಮಾಯ ಆಗತ್ತೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡ್ದು ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿದ್ರೆ ಬಹಳಷ್ಟು ಸರಿಹೋಗತ್ತೆ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ (ಕರೆಂಟ್ ಹಿಡಿದಿಡೋ ಬಿಡಿಭಾಗ) ಒಣಗಿರತ್ತೆ, ಅದನ್ನ ರಿಪೇರಿಯವರ ಹತ್ರಾನೇ ಮಾಡಿಸ್ಬೇಕು. ಮೊದಲ ಸಲ ಕರೆಂಟ್ ಕೊಡೋವಾಗ ಸೀರೀಸ್ ಬಲ್ಬ್ (ಕರೆಂಟಿನ ದಾರೀಲೇ ಸೇರಿಸೋ ಬಲ್ಬ್, ಒಳಗೆ ಶಾರ್ಟ್ ಇದ್ರೆ ಅದು ಉರಿದು ಆಂಪ್ ಉಳಿಸತ್ತೆ) ಹಾಕಿ ಕೊಡಿ, ಸ್ಪೀಕರ್ ಜೋಡಿಸೋ ಮುಂಚೆ ಸ್ಪೀಕರ್ ಟರ್ಮಿನಲ್ಲಿಗೆ ಮೀಟರ್ ಹಿಡ್ದು ಡಿಸಿ (ಒಂದೇ ದಿಕ್ಕಿನ ವೋಲ್ಟೇಜು) ನೋಡಿ, 50 ಮಿಲಿವೋಲ್ಟ್ ದಾಟಿದ್ರೆ ಜೋಡಿಸ್ಬೇಡಿ. ಜಪಾನಿಂದಾನೇ ಬಂದ ಸೆಟ್ಟಾದ್ರೆ ಹಿಂದ್ಗಡೆ 100 ವೋಲ್ಟ್ ಅಂತ ಬರ್ದಿದೆಯಾ ನೋಡ್ಕೊಳಿ, ಇದ್ರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ದೆ ಪ್ಲಗ್ ಹಾಕ್ಲೇಬಾರ್ದು. ಹೊಸ ಡಬ್ಬಿ ವಿಷ್ಯದಲ್ಲೂ ಒಂದು ಎಚ್ಚರ ಇದೆ: ಅದರ ಮೈನಸ್ ಟರ್ಮಿನಲ್ ಗ್ರೌಂಡ್ ಅಲ್ಲ, ಎರಡೂ ಸ್ಪೀಕರಿನ ಮೈನಸ್ ಒಟ್ಟು ಸೇರಿಸೋ ಹಳೇ ಸೆಲೆಕ್ಟರ್ ಬಾಕ್ಸಿಗೆ (ಸ್ಪೀಕರ್ ಬದಲಾಯಿಸೋ ಸ್ವಿಚ್ ಪೆಟ್ಟಿಗೆ) ಕೊಟ್ರೆ ಚಿಪ್ ಹೋಗ್ಬಹುದು.

ಈಗ ಸ್ಪೀಕರು, ನಿಜವಾದ ವ್ಯತ್ಯಾಸ ಇಲ್ಲೇ ಇರೋದು. ಒಂದು ಜೊತೆ ವಿದೇಶದ್ದು, 8 ಇಂಚಿನ ವೂಫರ್ (ಬೇಸು ನುಡಿಸೋ ಭಾಗ), ಸುತ್ತ ಫೋಮ್ ಅಂಚು. ಇನ್ನೊಂದು ಜೊತೆ ನಮ್ಮ ದೇಶದ್ದೇ ಹಳೇದು, ಅಂಚು ಬಟ್ಟೇದು, ಮೇಲೆ ಅಂಟು ಲೇಪನ. ಫೋಮ್ ಅಂಚು ಮೆತ್ತಗಿರೋದ್ರಿಂದ ನಡುವಿನ ಕೋನ್ (ಅಲುಗಾಡಿ ಸದ್ದು ಹೊರಡಿಸೋ ಭಾಗ) ಚೆನ್ನಾಗಿ ಆಡತ್ತೆ, ಬೇಸು ಕೆಳಗಿನವರೆಗೂ ಇಳಿಯತ್ತೆ, ಮದ್ದಳೆ ಎಡಗಡೆ ಪೆಟ್ಟು ಎದೆಗೆ ತಾಗತ್ತೆ. ಆದ್ರೆ ಆ ಪಾಲಿಯುರೆಥೇನ್ ಫೋಮು ಗಾಳೀಲಿರೋ ನೀರಿನಂಶಕ್ಕೇ ಶಿಥಿಲ ಆಗೋ ವಸ್ತು. ಪಕ್ಕದ ಆಗುಂಬೇಲಿ ವರ್ಷಕ್ಕೆ 7000 ಮಿ.ಮೀ. ಮೇಲೆ ಮಳೆ, ನಮ್ಮ ಕಡೆ ಜೂನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಬರತ್ತೆ, ಅಂಥ ಕಡೆ ಫೋಮು ಕೈ ಇಟ್ರೆ ಅಂಟಂಟು ಪುಡಿ. ಕಿಟ್ ತರಿಸಿ ಹೊಸ ಅಂಚು ಅಂಟಿಸಿದ್ರೆ ಮೊದಲಿನ ಸೌಂಡು ವಾಪಸ್ ಬರತ್ತೆ, ಆದ್ರೆ ಅದೂ ಮುಂದೊಂದು ದಿನ ಹೋಗೋದೇ.

ಬಟ್ಟೆ ಅಂಚಿನ ಜೊತೆ ಬೇಸಲ್ಲಿ ಅಷ್ಟು ಆಳ ಇಲ್ಲ. ಆದ್ರೆ ಹಾಡೋರ ಗಂಟಲು, ಹಾರ್ಮೋನಿಯಂ, ಕೊಳಲು ಇದರಲ್ಲೇ ಜಾಸ್ತಿ ಸಹಜ. ಹಳೇ ಭಾವಗೀತೆ ಕ್ಯಾಸೆಟ್ ಹಾಕಿದ್ರೆ ಒಂದೊಂದು ಅಕ್ಷರ ಬಿಡಿಸಿಟ್ಟ ಹಾಗೆ. ಯಕ್ಷಗಾನದ ಚಂಡೆಗೂ ಇದೇ ಸರಿ, ಪೆಟ್ಟು ಥಟ್ಟಂತ ಶುರುವಾಗಿ ಥಟ್ಟಂತ ನಿಲ್ಲತ್ತೆ, ಫೋಮಿನದ್ದರಲ್ಲಿ ಒಂಚೂರು ಬಾಲ ಉಳಿಯತ್ತೆ. ಮಲೆನಾಡಲ್ಲಿ ಇರೋರು ಹಳೇ ಸ್ಪೀಕರ್ ಹುಡುಕ್ತಿದ್ರೆ ಬಟ್ಟೆ ಅಥವಾ ರಬ್ಬರ್ ಅಂಚಿನದ್ದೇ ಹುಡುಕಿ, ಬ್ರಾಂಡ್ ಆಮೇಲೆ.

ಮುಳ್ಳು. ಆಡಿಯೋ-ಟೆಕ್ನಿಕಾ ಎಟಿ3600ಎಲ್ ಅಗ್ಗದ್ದು, ದುಂಡು ತುದಿ, ಸುಮಾರು 3.5 ಗ್ರಾಂ ಭಾರದಲ್ಲಿ ಕೂರತ್ತೆ. ಎಟಿ-ವಿಎಂ95ಇ ಎಲಿಪ್ಟಿಕಲ್ (ಅಂಡಾಕಾರದ ತುದಿ), 2 ಗ್ರಾಂ. ಪ್ಲೇಟಿನ ಹೊರಗಡೆ ಹಾಡುಗಳಲ್ಲಿ ಎರಡಕ್ಕೂ ದೊಡ್ಡ ಫರಕಿಲ್ಲ, ಆದ್ರೆ ಒಳಗೆ ಲೇಬಲ್ ಹತ್ರದ ಕೊನೇ ಹಾಡಿಗೆ ಬಂದಾಗ ದುಂಡು ಮುಳ್ಳಲ್ಲಿ "ಸ" "ಶ" ಎಲ್ಲ ಒಡೆದು ಉಸ್ ಉಸ್ ಅನ್ನತ್ತೆ, ಯಾಕಂದ್ರೆ ಅಲ್ಲಿ ಸುತ್ತು ಸಣ್ಣದಾಗಿ ಅದೇ ದನಿ ಇಕ್ಕಟ್ಟಾದ ಜಾಗದಲ್ಲಿ ಕೂತಿರತ್ತೆ. ಎಲಿಪ್ಟಿಕಲ್ ಅದನ್ನ ಸಲೀಸಾಗಿ ಓದತ್ತೆ. ಹಳೇ ಆಂಪ್ ತೆಗ್ದು ಹೊಸದು ಹಾಕಿದಾಗ ಕಾಣದ ಬದಲಾವಣೆ ಇಲ್ಲಿ ಒಂದೇ ಹಾಡಲ್ಲಿ ಗೊತ್ತಾಗತ್ತೆ. ಆದ್ರೆ ತುಂಬಾ ಸವೆದ ಪ್ಲೇಟಿಗೆ ಕೆಲವು ಸಲ ದುಂಡು ಮುಳ್ಳೇ ವಾಸಿ, ಗೀರಿನ ಸದ್ದು ಅಷ್ಟು ಎತ್ತಿ ತೋರ್ಸಲ್ಲ.

ಇನ್ನು ಜಾಗ. ಮಾಳಿಗೇಲಿ ಹಲಗೆ ನೆಲ, ಯಾರಾದ್ರೂ ನಡೆದ್ರೆ ಮುಳ್ಳು ಹಾರತ್ತೆ. ಜಗಲೀಲಿ ಕೆಂಪು ಸಿಮೆಂಟಿನ ನೆಲ ಗಟ್ಟಿ, ಟರ್ನ್‌ಟೇಬಲ್ ಗೋಡೆಗೆ ಹೊಡೆದ ಶೆಲ್ಫಲ್ಲಿ ಇಟ್ಟಿದೀನಿ, ಕಾಟ ಇಲ್ಲ. ಸ್ಪೀಕರನ್ನ ಮೂಲೆಯಿಂದ ಎರಡಡಿ ಈಚೆ ತಂದ್ರೆ ಗುಮ್ಮನ್ನೋ ಬೇಸು ಬಿಗಿ ಆಗತ್ತೆ. ತಮ್ಮನ ಶಿವಮೊಗ್ಗದ ಆರ್‌ಸಿಸಿ ಮನೇಲಿ ಅದೇ ಸೆಟ್ ಇಟ್ರೆ ಬರೀ ಗೋಡೆ, ಬರೀ ಟೈಲ್ಸು, ದನಿ ಪ್ರತಿಧ್ವನಿಸತ್ತೆ, ದಪ್ಪ ಜಮಖಾನ ಹಾಸಿ ಪರದೆ ಹಾಕಿದ ಮೇಲೇ ಕೇಳೋ ಹಂಗಾಗಿದ್ದು. ಇಳಿಜಾರು ಹೆಂಚಿನ ಮಾಡಿಗೆ ಆ ತೊಂದ್ರೆ ಇಲ್ಲ.

ಅಜ್ಜನ ಕಾಲದ 78 ಪ್ಲೇಟು (ನಿಮಿಷಕ್ಕೆ 78 ಸುತ್ತು ತಿರುಗೋವು) ಇರೋರು ಮಾತ್ರ ಮೇಲಿನ ಎರಡೂ ಮುಳ್ಳು ಹಾಕ್ಬೇಡಿ. ಆ ಗೆರೆ ಅಗಲ, ಎಲ್‌ಪಿ ಮುಳ್ಳು ತಳಕ್ಕೆ ಹೋಗಿ ಕೂತು ಬರೀ ಗರಗರ ಅನ್ನತ್ತೆ. ಅದಕ್ಕೆ ಅಂತಲೇ 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಪಾಲು) ತುದಿಯ ವಿಎಂ95ಎಸ್‌ಪಿ ಇದೆ, ಅದಕ್ಕೆ 5 ಗ್ರಾಂ ಭಾರ. ಜೊತೆಗೆ ನಿಮ್ಮ ಟರ್ನ್‌ಟೇಬಲ್ಲಲ್ಲಿ 78 ಸ್ಪೀಡ್ ಇದೆಯಾ ಅಂತ ತಗೊಳೋ ಮುಂಚೆನೇ ನೋಡ್ಕೊಳಿ, ಟೆಕ್ನಿಕ್ಸ್ ಎಸ್‌ಎಲ್-1200ಎಂಕೆ2 ತರದ ಒಳ್ಳೇ ಮೆಷಿನ್ನಲ್ಲೂ 33, 45 ಎರಡೇ ಇರೋದು.