ಮೊಳಕ್ಕೊಂದು ಸೆಂಟಿಮೀಟರ್: ದೇವದರ್ಶನದ ಗುಡಾರದ ಮಾದರಿ ಕಿಟ್ ಹೇಗಿದೆ?

ವಿಬಿಎಸ್ (ಚರ್ಚುಗಳು ಮಕ್ಕಳಿಗೆ ನಡೆಸುವ ರಜಾಕಾಲದ ಬೈಬಲ್ ಶಾಲೆ) ಹತ್ತಿರ ಬಂತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಸಂಡೇ ಸ್ಕೂಲ್ ಟೀಚರುಗಳು ಹುಡುಕುವ ಸಾಮಾನುಗಳಲ್ಲಿ ದೇವದರ್ಶನದ ಗುಡಾರದ, ಅಂದರೆ ಬೈಬಲಿನಲ್ಲಿ ಇಸ್ರಾಯೇಲ್ಯರು ಮರುಭೂಮಿಯಲ್ಲಿ ಹೊತ್ತೊಯ್ಯುತ್ತಿದ್ದ ಆರಾಧನೆಯ ಗುಡಾರದ, ಮಾದರಿಯೂ ಒಂದು. ಇಲ್ಲಿ ಹೇಳುತ್ತಿರುವುದು 3 ಮಿ.ಮೀ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯನ್ನು ಲೇಸರಿನಲ್ಲಿ ಕತ್ತರಿಸಿ ಮಾಡಿದ ಕಿಟ್ ಬಗ್ಗೆ. ಸಾಗಣೆ ಸೇರಿ ರೂ. 2,500ರ ಆಸುಪಾಸು. ಮರದ ಕೆಲಸ ಚೆನ್ನಾಗಿದೆ. ಜತೆಗೆ ಬರುವ ಸಂಕೇತಗಳ ಕಾರ್ಡುಗಳಲ್ಲಿ ಅರ್ಧದಷ್ಟನ್ನು ಪಕ್ಕಕ್ಕಿಡಬೇಕು. ಮಲೆನಾಡಿನ ಮಳೆಗಾಲವನ್ನಂತೂ ಇದು ಬಂದ ಸ್ಥಿತಿಯಲ್ಲೇ ತಡೆಯುವುದಿಲ್ಲ.

ಮೊದಲು ಒಳ್ಳೆಯದು. ಬೈಬಲಿನ ವಿಮೋಚನಕಾಂಡದ 25ರಿಂದ 27 ಮತ್ತು 30ನೇ ಅಧ್ಯಾಯಗಳಲ್ಲಿ ಕೊಟ್ಟ ಒಂದು ಮೊಳಕ್ಕೆ ಇಲ್ಲಿ ಒಂದು ಸೆಂಟಿಮೀಟರ್. ಮೊಳವನ್ನು ಸುಮಾರು 45 ಸೆಂ.ಮೀ. ಎಂದಿಟ್ಟುಕೊಂಡರೆ ನಿಜದ ನಲವತ್ತೈದರಲ್ಲಿ ಒಂದು ಪಾಲು. ಅಂಗಳ 100 ಸೆಂ.ಮೀ. ಉದ್ದ, 50 ಅಗಲ. ಪೂರ್ವಕ್ಕೆ 20 ಸೆಂ.ಮೀ. ಬಾಗಿಲು, ಅದರ ಎರಡೂ ಬದಿಗೆ 15ರ ಪರದೆ. ಯಜ್ಞವೇದಿ 5 × 5 × 3, ಮಂಜೂಷ (ಆಜ್ಞೆಗಳ ಪೆಟ್ಟಿಗೆ) 2.5 × 1.5 × 1.5, ನೈವೇದ್ಯದ ರೊಟ್ಟಿಯ ಮೇಜು 2 × 1 × 1.5, ಧೂಪವೇದಿ 1 × 1 × 2. ಟೀಚರ್ ಬೈಬಲ್ ಓದುತ್ತಿದ್ದ ಹಾಗೇ ಮಕ್ಕಳು ಶಾಲೆಯ ಸ್ಕೇಲು ಹಿಡಿದು ಅಳೆದು ನೋಡಬಹುದು. ತಾಮ್ರದ ತೊಟ್ಟಿಗೂ ದೀಪಸ್ತಂಭಕ್ಕೂ ಗ್ರಂಥದಲ್ಲಿ ಅಳತೆಯೇ ಇಲ್ಲ. ದೀಪಸ್ತಂಭಕ್ಕೆ ಒಂದು ತಲಾಂತು ಚಿನ್ನ ಎಂಬ ತೂಕವಷ್ಟೇ ಇದೆ. ಅವೆರಡರ ಗಾತ್ರ ಕಿಟ್ ಮಾಡಿದವರ ಅಂದಾಜು, ಅದನ್ನು ಕೈಪಿಡಿಯಲ್ಲಿ ಹೇಳಿಬಿಡಬೇಕಿತ್ತು.

ಅಂಗಳದ ಪರದೆ 5 ಸೆಂ.ಮೀ., ಗುಡಾರದ ಹಲಗೆ 10 ಸೆಂ.ಮೀ., ಯಾಜಕನ ಗೊಂಬೆ ನಾಲ್ಕಕ್ಕಿಂತ ತುಸು ಕಡಿಮೆ. ಈ ಮೂರನ್ನು ಒಟ್ಟಿಗೆ ನಿಲ್ಲಿಸಿದರೆ ಹೊರಗೆ ನಿಂತ ಮನುಷ್ಯನಿಗೆ ಏನು ಕಾಣುತ್ತಿತ್ತು ಎಂಬುದು ತಾನಾಗಿ ತಿಳಿಯುತ್ತದೆ. ಅಂಗಳ ಕಾಣದು, ಚಿನ್ನ ಕಾಣದು, ಪರದೆಯ ಮೇಲೆ ಎದ್ದ ತೊಗಲಿನ ಹೊದಿಕೆ ಮಾತ್ರ ಕಾಣುತ್ತದೆ. ಗುಡಾರವನ್ನು ದೊಡ್ಡದಾಗಿ, ಅಂಗಳವನ್ನು ಚಿಕ್ಕದಾಗಿ ಮಾಡುವ ಅಗ್ಗದ ಕಾರ್ಡ್‌ಬೋರ್ಡ್ ಮಾದರಿಗಳಲ್ಲಿ ಈ ಪಾಠ ಸಿಗುವುದಿಲ್ಲ.

ಇಲ್ಲಿನ ಮಕ್ಕಳಿಗೆ ಒಳಗೊಳಗೆ ಹೋದಂತೆ ಪಾವಿತ್ರ್ಯ ಹೆಚ್ಚುವ ಕಟ್ಟಡ ಹೊಸದಲ್ಲ. ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಪೂರ್ವದಿಂದ ಒಳಗೆ ಬಂದು ಪ್ರಾಕಾರ, ನವರಂಗ, ಗರ್ಭಗುಡಿ ಎಂದು ಹೋಗುವ ಹಾಗೆ ಇಲ್ಲೂ ಅಂಗಳ, ಪವಿತ್ರಸ್ಥಾನ, ಮಹಾಪವಿತ್ರಸ್ಥಾನ ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತವೆ. ಬೇರೆಯಾಗುವುದು ತುದಿಯಲ್ಲಿ: ಮಹಾಪವಿತ್ರಸ್ಥಾನದಲ್ಲಿ ಮೂರ್ತಿಯಿಲ್ಲ, ಆಜ್ಞೆಗಳ ಕಲ್ಲಿನ ಹಲಗೆಗಳಿರುವ ಪೆಟ್ಟಿಗೆ ಇದೆ. ಮಹಾಯಾಜಕ ವರ್ಷಕ್ಕೊಮ್ಮೆ, ದೋಷಪರಿಹಾರಕ ದಿನದಂದು ಮಾತ್ರ ಒಳಗೆ ಹೋಗುತ್ತಿದ್ದ.

ಜೋಡಣೆಗೆ ಬರೋಣ. ಉತ್ತರಕ್ಕೆ 20, ದಕ್ಷಿಣಕ್ಕೆ 20, ಪಶ್ಚಿಮಕ್ಕೆ 6, ಮೂಲೆಗೆ 2, ಒಟ್ಟು 48 ಹಲಗೆ. ಒಂದೊಂದೂ 1.5 ಸೆಂ.ಮೀ. ಅಗಲ, ಹಾಗಾಗಿ 20 ಹಲಗೆಗೆ ಸರಿಯಾಗಿ 30 ಸೆಂ.ಮೀ. ತೋಡು ಇದೆ. ತೊಂದರೆ ಶುರುವಾಗುವುದು ಚಿನ್ನದ ಬಣ್ಣ ಬಳಿದಾಗ. ಹಲಗೆಯ ಅಂಚಿಗೂ ಬಣ್ಣ ಬಳಿದರೆ ಪ್ರತಿ ಅಂಚಿಗೆ 0.1 ಮಿ.ಮೀ. ಏರಿದರೂ 20 ಹಲಗೆಗೆ 4 ಮಿ.ಮೀ. ಹೆಚ್ಚಾಗುತ್ತದೆ, ಕೊನೆಯ ಹಲಗೆ ಕೂರುವುದಿಲ್ಲ. ತುರುಕಿದರೆ ಇಡೀ ಗೋಡೆ ಹೊರಕ್ಕೆ ಬಾಗುತ್ತದೆ. ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ಮುಖಕ್ಕೆ ಮಾತ್ರ ಬಣ್ಣ ಹೊಡೆಯಿರಿ. ಈಗಾಗಲೇ ಬಳಿದಿದ್ದರೆ 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಕು.

ಹಿಂಗೋಡೆ ಇನ್ನೊಂದು ತಲೆನೋವು. ಎಂಟು ಹಲಗೆ ಸಾಲಾಗಿಟ್ಟರೆ 12 ಸೆಂ.ಮೀ., ಆದರೆ ಗುಡಾರದ ಹೊರ ಅಗಲ 10.6 ಮಾತ್ರ. ಹಲಗೆಯ ಬುಡದ ದಪ್ಪ ಒಂದು ಮೊಳ ಎನ್ನುವ ಯೆಹೂದಿ ರಬ್ಬಿಗಳ ಲೆಕ್ಕದಲ್ಲಿ 10ಕ್ಕೆ ಎರಡು ಬದಿಯ ದಪ್ಪ ಸೇರಿ 12 ಸರಿಹೋಗುತ್ತದೆ; 3 ಮಿ.ಮೀ. ಎಂಡಿಎಫ್‌ನಲ್ಲಿ ಹೋಗುವುದಿಲ್ಲ. ಮೂಲೆಯ ಎರಡು ಹಲಗೆಗಳನ್ನು 0.8 ಸೆಂ.ಮೀ.ಗೆ ಕತ್ತರಿಸಿಕೊಳ್ಳುವುದೇ ದಾರಿ. ಮಂಜೂಷದ ಕೋಲುಗಳು ಬಲು ನಾಜೂಕು, ಮೊದಲ ತರಗತಿಯಲ್ಲೇ ಮುರಿಯುತ್ತವೆ. ಉರಿದುಹೋದ ಅಗರಬತ್ತಿಯ ಕಡ್ಡಿಯನ್ನು ಕತ್ತರಿಸಿ ಹಾಕಿದರೆ ಅದಕ್ಕಿಂತ ಗಟ್ಟಿ. ಕೋಲುಗಳನ್ನು ಬಳೆಗಳಿಂದ ತೆಗೆಯಬಾರದು ಎಂಬ ಆಜ್ಞೆ (ವಿಮೋಚನಕಾಂಡ 25:15) ಇರುವುದರಿಂದ ಅಂಟು ಹಾಕಿ ಕೂರಿಸಿದರೂ ತಪ್ಪಿಲ್ಲ!

ಹೊದಿಕೆಗಳನ್ನು ಅವಸರದಲ್ಲಿ ಹೊದಿಸಬೇಡಿ. ಒಳಗಿನ ನಾರುಬಟ್ಟೆ 28 ಸೆಂ.ಮೀ. ಅಗಲ, ಅದರ ಮೇಲಿನ ಮೇಕೆ ಕೂದಲಿನದು 30. ಎರಡು ಗೋಡೆ ಮತ್ತು ಮಾಡು ಸೇರಿ 30.6 ಬೇಕು, ಒಳಬಟ್ಟೆ ಎರಡೂ ಕಡೆ ನೆಲಕ್ಕಿಂತ 1.3 ಸೆಂ.ಮೀ. ಮೇಲೇ ನಿಲ್ಲುತ್ತದೆ, ಅದು ದೋಷವಲ್ಲ. ಒಳಬಟ್ಟೆಯ ಐದೈದು ಪಟ್ಟಿಗಳು 50 ಚಿನ್ನದ ಕೊಂಡಿಗಳಿಂದ ಸೇರುವ ಗೆರೆ ಬಾಗಿಲಿನಿಂದ ಸರಿಯಾಗಿ 20 ಸೆಂ.ಮೀ. ದೂರಕ್ಕೆ ಬರಬೇಕು. ಪವಿತ್ರಸ್ಥಾನದಿಂದ ಮಹಾಪವಿತ್ರಸ್ಥಾನವನ್ನು ಬೇರ್ಪಡಿಸುವ ಒಳಗಿನ ತೆರೆ ತೂಗುವುದು ಆ ಕೊಂಡಿಗಳ ಕೆಳಗೇ (26:33). ಗೆರೆ ತಪ್ಪಿದರೆ ಮಹಾಪವಿತ್ರಸ್ಥಾನ 10 × 10 × 10ರ ಘನವಾಗಿ ಉಳಿಯುವುದಿಲ್ಲ.

ಇನ್ನು ಗುಡಾರದ ಒಂದೊಂದು ಭಾಗವನ್ನೂ ಕ್ರಿಸ್ತನ ಸಂಕೇತವಾಗಿ ವಿವರಿಸುವ ಕಾರ್ಡುಗಳು. ಬಾಗಿಲು, ರೊಟ್ಟಿ, ದೀಪ ಎಂಬ ಮೂರಕ್ಕೆ ಯೋಹಾನನ ಸುವಾರ್ತೆಯ 10:9, 6:35, 8:12 ಕೊಟ್ಟಿದ್ದಾರೆ. ಆ ವಚನಗಳು ಗುಡಾರವನ್ನು ಹೆಸರಿಸುವುದಿಲ್ಲ, ಆದರೂ ಹೋಲಿಕೆ ಹಳೆಯದು, ತರಗತಿಗೆ ಸಲ್ಲುತ್ತದೆ. ತೆರೆಯ ಕಾರ್ಡು ಇದಕ್ಕಿಂತ ಗಟ್ಟಿ: ಇಬ್ರಿಯರಿಗೆ ಬರೆದ ಪತ್ರಿಕೆ 10:20 ತೆರೆಯನ್ನು ನೇರವಾಗಿ ಕ್ರಿಸ್ತನ ಶರೀರವೆನ್ನುತ್ತದೆ. ಅದೇ ಪತ್ರಿಕೆಯ 9ನೇ ಅಧ್ಯಾಯ ಇಡೀ ಗುಡಾರವನ್ನೇ ಸಾಮ್ಯವಾಗಿ ಓದುತ್ತದೆ. ಹುಷಾರಾಗಿರಬೇಕಾದ ಜಾಗವೂ ಅಲ್ಲೇ ಇದೆ. 9:4ರಲ್ಲಿ ಧೂಪದ ಸಾಧನ ತೆರೆಯ ಒಳಗಿದೆ, ವಿಮೋಚನಕಾಂಡ 30:6ರಲ್ಲಿ ಧೂಪವೇದಿ ತೆರೆಯ ಮುಂದೆ. ಮನ್ನದ (ಮರುಭೂಮಿಯಲ್ಲಿ ದೊರೆತ ಆಹಾರ) ಪಾತ್ರೆ, ಮಹಾಯಾಜಕ ಆರೋನನ ಕೋಲು ಮಂಜೂಷದೊಳಗೆ ಎಂದೂ 9:4 ಹೇಳುತ್ತದೆ. ಸೊಲೊಮೋನನ ಕಾಲಕ್ಕೆ ಅದರಲ್ಲಿ ಕಲ್ಲಿನ ಹಲಗೆಗಳ ಹೊರತು ಬೇರೇನೂ ಇರಲಿಲ್ಲ ಎಂದು ಒಂದನೇ ಅರಸುಗಳು 8:9. ಕಿಟ್‌ನಲ್ಲಿ ಮೂರೂ ಚೂರುಗಳಿವೆ. ಯಾವ ವಚನ ಓದುತ್ತಿದ್ದೀರೋ ಅದಕ್ಕೆ ತಕ್ಕಂತೆ ಇಡಿ. ದೊಡ್ಡ ಮಕ್ಕಳು ಕೇಳಿಯೇ ಕೇಳುತ್ತಾರೆ.

ನೀಲಿ ಎಂದರೆ ಪರಲೋಕ, ಜಾಲೀಮರ ಎಂದರೆ ಮನುಷ್ಯತ್ವ, ಚಿನ್ನ ಎಂದರೆ ದೈವತ್ವ ಎನ್ನುವ ಕಾರ್ಡುಗಳು ಬೇರೆ ಜಾತಿಯವು. ಹೊಸ ಒಡಂಬಡಿಕೆ ಎಲ್ಲೂ ಹೀಗೆ ಹೇಳುವುದಿಲ್ಲ, ಇವು ನಂತರದ ವ್ಯಾಖ್ಯಾನಕಾರರ ಓದು. ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಇದೇ ಬಟ್ಟೆಗಳಲ್ಲಿ ನಾಲ್ಕು ಭೂತಗಳನ್ನು ಕಂಡ: ನಾರು ಭೂಮಿ, ಧೂಮ್ರ ಸಮುದ್ರ, ನೀಲಿ ಗಾಳಿ, ಕಡುಗೆಂಪು ಬೆಂಕಿ. ಹನ್ನೆರಡು ರೊಟ್ಟಿ ಅವನಿಗೆ ಹನ್ನೆರಡು ತಿಂಗಳು, ಏಳು ದೀಪ ಏಳು ಗ್ರಹ. ಒಂದೇ ನೂಲಿಗೆ ಇಷ್ಟು ಅರ್ಥ ಹಚ್ಚಬಹುದಾದರೆ ಬಣ್ಣದ ಕಾರ್ಡನ್ನು ‘ಕೆಲವರು ಹೀಗೆ ಓದುತ್ತಾರೆ’ ಎಂದೇ ತೋರಿಸಬೇಕು. ಯೆಹೂದ್ಯರು ಈ ಗುಡಾರವನ್ನು ಕ್ರಿಸ್ತನ ಮುನ್ಸೂಚನೆಯಾಗಿ ಓದುವುದಿಲ್ಲ ಎಂಬ ಒಂದು ಸಾಲೂ ಕೈಪಿಡಿಯಲ್ಲಿಲ್ಲ. ಇರಬೇಕಿತ್ತು.

ಎಲ್ಲಕ್ಕಿಂತ ಒಳ್ಳೆಯ ಸಂಕೇತಕ್ಕೆ ಕಾರ್ಡೇ ಇಲ್ಲ! ಹಲಗೆಗಳ ಕೆಳಗಿನ ಗದ್ದಿಗೇಕಲ್ಲುಗಳು, ಒಂದು ಹಲಗೆಗೆ ಎರಡರಂತೆ 96, ತೆರೆಯ ಕಂಬಗಳಿಗೆ 4, ಒಟ್ಟು 100. ಒಂದೊಂದಕ್ಕೆ ಒಂದು ತಲಾಂತು ಬೆಳ್ಳಿ (38:27). ಆ ಬೆಳ್ಳಿ ಬಂದದ್ದು ಜನಗಣತಿಯಲ್ಲಿ ಪ್ರತಿಯೊಬ್ಬ ಗಂಡಸು ತನ್ನ ಪ್ರಾಣಕ್ಕೆ ಈಡಾಗಿ ಕೊಟ್ಟ ಅರ್ಧ ಶೆಕೆಲ್‌ನಿಂದ. ಐಶ್ವರ್ಯವಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ (30:15). ಇಡೀ ಗುಡಾರ ನಿಂತಿರುವುದು ಈಡಿನ ಹಣದ ಮೇಲೆ. ನಿಮ್ಮ ಬಿಡುಗಡೆ ಬೆಳ್ಳಿ ಬಂಗಾರದಿಂದಾದದ್ದಲ್ಲ ಎನ್ನುವ ಒಂದನೇ ಪೇತ್ರ 1:18–19ನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಹತ್ತು ಬಣ್ಣದ ಕಾರ್ಡುಗಳ ಕೆಲಸ ಇದೊಂದೇ ಮಾಡುತ್ತದೆ. ಕಿಟ್‌ನಲ್ಲಿ ಈ ಗದ್ದಿಗೇಕಲ್ಲುಗಳ ಪಟ್ಟಿಗೆ ಮಂಕು ಬೂದು ಬಣ್ಣ. ಸಿಲ್ವರ್ ಪೇಂಟಿನ ಚಿಕ್ಕ ಡಬ್ಬಿ ತಂದು ಬಳಿಯಿರಿ.

ಕೈಪಿಡಿಯ ನಡುಪುಟದಲ್ಲಿ ವೇದಿ, ತೊಟ್ಟಿ, ಧೂಪವೇದಿ, ಮಂಜೂಷವನ್ನು ಒಂದು ಗೆರೆಯಿಂದ, ಮೇಜು ಮತ್ತು ದೀಪಸ್ತಂಭವನ್ನು ಅಡ್ಡಗೆರೆಯಿಂದ ಸೇರಿಸಿ ಶಿಲುಬೆ ಬರೆದಿದ್ದಾರೆ. ಮೇಜು ಉತ್ತರಕ್ಕೆ, ದೀಪಸ್ತಂಭ ಅದರೆದುರು ದಕ್ಷಿಣಕ್ಕೆ ಎಂಬುದು ನಿಜ (26:35). ಆದರೆ ಬಾಗಿಲಿನಿಂದ ಎಷ್ಟು ಮೊಳಕ್ಕೆ ಎಂದು ಗ್ರಂಥ ಹೇಳದ ಕಾರಣ ಅಡ್ಡಗೆರೆಯನ್ನು ಎಲ್ಲಿ ಬೇಕಾದರೂ ಎಳೆಯಬಹುದು. ಹೊಸ ಒಡಂಬಡಿಕೆಯ ಯಾವ ಲೇಖಕನೂ ಈ ಗೆರೆ ಎಳೆದಿಲ್ಲ. ಆ ಚಿತ್ರದಲ್ಲಿ ಪಶ್ಚಿಮ ಮೇಲಿದೆ; ನಮ್ಮ ಭೂಪಟದ ಅಭ್ಯಾಸದಲ್ಲಿ ನೋಡಿ ಮೇಜು, ದೀಪಸ್ತಂಭಗಳನ್ನು ಅದಲುಬದಲು ಇಡುವವರು ಬಹಳ. ಬಾಗಿಲಿನಿಂದ ಒಳಗೆ ಬರುವವನ ಬಲಕ್ಕೆ ಮೇಜು, ಎಡಕ್ಕೆ ದೀಪ. ದೀಪಸ್ತಂಭದ ತುದಿಗೆ ಮೇಣದಬತ್ತಿ ಅಚ್ಚು ಹಾಕಿರುವುದೂ ತಪ್ಪು, ಅಲ್ಲಿ ಉರಿದದ್ದು ಆಲಿವ್ ಎಣ್ಣೆ.

ಯೇಸು ಸತ್ತಾಗ ತೆರೆ ಹರಿಯಿತು ಎಂಬ ಗುಡ್‌ಫ್ರೈಡೇ ಪಾಠಕ್ಕೆ ತೆರೆ ಹರಿದು ತೋರಿಸಿ ಎಂದು ಕಿಟ್ ಮಾಡಿದವರು ಹೇಳುತ್ತಾರೆ, ಕೊಡುವುದು ಒಂದೇ ತೆರೆ. 10 × 10 ಸೆಂ.ಮೀ. ಹತ್ತಿ ಬಟ್ಟೆಯನ್ನು ನಡುವೆ ಕತ್ತರಿಸಿ ಸಡಿಲ ಟಾಕು ಹಾಕಿಟ್ಟರೆ ಮೇಲಿನಿಂದ ಎಳೆದ ತಕ್ಷಣ ಬಿಚ್ಚಿಕೊಳ್ಳುತ್ತದೆ, ಮತ್ತೆ ಹೊಲಿದು ಬಳಸಬಹುದು. ಹರಿದದ್ದು ಈ ಗುಡಾರದ ತೆರೆಯಲ್ಲ, ಎಷ್ಟೋ ಶತಮಾನಗಳ ನಂತರ ಯೆರೂಸಲೇಮಿನಲ್ಲಿದ್ದ ಹೆರೋದನ ದೇವಾಲಯದ್ದು ಎಂದು ಹೇಳುವುದನ್ನು ಮರೆಯಬೇಡಿ.

ಮಳೆಗಾಲದ ಮಾತು. ಎಂಡಿಎಫ್ ಕತ್ತರಿಸಿದ ಅಂಚಿನಿಂದ ತೇವ ಹೀರಿ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಜೋಡಿಸುವ ಮೊದಲೇ ಅಂಚುಗಳಿಗೆ ಸ್ಯಾಂಡಿಂಗ್ ಸೀಲರ್ ಎರಡು ತೆಳು ಕೋಟ್ ಕೊಟ್ಟು, ಉಜ್ಜಿ, ತೋಡಿನಲ್ಲಿ ಕೂರಿಸಿ ನೋಡಿ. ಈ ಕೆಲಸ ಏಪ್ರಿಲ್–ಮೇನಲ್ಲೇ ಮುಗಿಯಲಿ. ಜುಲೈನ ಮೂಡಿಗೆರೆ, ಸಕಲೇಶಪುರದ ಹವೆಯಲ್ಲಿ ಸೀಲರ್ ಬೆಳ್ಳಗೆ ಮಂಜುಕಟ್ಟುತ್ತದೆ. ಅಂಟಿಗೆ ನೀರು ತಡೆಯುವ ಫೆವಿಕಾಲ್ ಮರೀನ್ ಸಾಕು. ರೆಕ್ಸಿನ್ ಹೊದಿಕೆಗಳನ್ನು ಮಡಿಸದೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜತೆ ಡಬ್ಬಿಯಲ್ಲಿಡಿ. ತಳದ ಹಲಗೆಯನ್ನು ಗೋಡೆಗೆ ಒರಗಿಸಬೇಡಿ, ಬಾಗುತ್ತದೆ.

ತಳ ಎರಡು ಭಾಗವಾಗಿ ಬಿಚ್ಚುತ್ತದೆ, ಒಂದೊಂದೂ 55 × 60 ಸೆಂ.ಮೀ. ಹಾಸನದಿಂದ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಒಯ್ಯುವುದಾದರೆ ಸೀಟಿನ ಪಕ್ಕ ನಿಲ್ಲಿಸಿಕೊಂಡು ಹೋಗಬಹುದು, ಮೇಲಿನ ಕ್ಯಾರಿಯರ್‌ಗೆ ಹಿಡಿಸುವುದಿಲ್ಲ. ಅಂಗಳದ ಕಂಬಗಳನ್ನು ಮೊದಲೇ ಕಿತ್ತಿಡಿ.