ಅಮ್ಮನಿಗೆ ಕೋಲು, ನಾಲ್ಕು ಕಾಲಿನ ಕೋಲು, ವಾಕರ್: ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮುಂದೆ ಎರಡು ಚಕ್ರ ಇರುವ ವಾಕರ್‌ಗೆ. ಅದನ್ನೇ ಮೊದಲು ತಂದಿದ್ದರೆ ದುಡ್ಡೂ ಉಳಿಯುತ್ತಿತ್ತು, ಅಮ್ಮನ ಹೆದರಿಕೆಯೂ ತಪ್ಪುತ್ತಿತ್ತು.

ಅಮ್ಮನಿಗೆ ಎಡ ಮಂಡಿ ನೋವು. ಜೊತೆಗೆ ಬ್ಯಾಲೆನ್ಸ್ ಕೂಡ ಕಡಿಮೆಯಾಗಿತ್ತು. ಗೋಡೆ ಹಿಡಿದುಕೊಂಡು ನಡೆಯೋಕೆ ಶುರು ಮಾಡಿದಾಗ ಮನೆಯಲ್ಲಿದ್ದ ಅಪ್ಪನ ಊರುಗೋಲನ್ನೇ ಕೊಟ್ಟೆ. ಅಪ್ಪ ಎತ್ತರದ ಆಳು. ಅವರ ಕೋಲು ಹಿಡಿದರೆ ಅಮ್ಮನ ಹೆಗಲು ಕಿವಿಯ ಹತ್ತಿರ ಬರುತ್ತಿತ್ತು. ಕೈ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಯ ಹತ್ತಿರ ಇರಬೇಕು. ನೋವಿರುವ ಕಾಲಿನ ಎದುರು ಕೈಯಲ್ಲಿ ಕೋಲು ಹಿಡಿಯಬೇಕು ಅನ್ನೋದೂ ನನಗೆ ಆಮೇಲೆ ಗೊತ್ತಾಗಿದ್ದು. ಬ್ಯಾಲೆನ್ಸ್ ಚೆನ್ನಾಗಿದ್ದು ಒಂದು ಕಾಲಷ್ಟೇ ನೋಯುವವರಿಗೆ ಅದು ಸಾಕು. ಅಮ್ಮನಿಗೆ ಸಾಲಲಿಲ್ಲ.

ಆಗ ನಾಲ್ಕು ಕಾಲಿನ ಕೋಲು ಕೊಂಡೆ. ಕೈ ಬಿಟ್ಟರೂ ನಿಂತೇ ಇರುತ್ತದೆ, ಬಗ್ಗಿ ಎತ್ತಿಕೊಳ್ಳಬೇಕಾಗಿಲ್ಲ. ನೋಡಿದರೇ ಧೈರ್ಯ ಬರುತ್ತದೆ, ಅಲ್ವಾ? ಆದರೆ ನಾಲ್ಕೂ ಕಾಲು ಒಟ್ಟಿಗೆ ಊರಿದರೆ ಮಾತ್ರ ಅದು ಗಟ್ಟಿ. ಅಮ್ಮ ಕೋಲನ್ನು ಮುಂದಕ್ಕೆ ಚಾಚಿ ಇಡುತ್ತಿದ್ದಳು. ಹಿಂದಿನ ಎರಡು ಕಾಲು ಮೊದಲು ಟಕ್ ಅನ್ನುತ್ತಿದ್ದವು, ಮುಂದಿನ ಎರಡು ಆಮೇಲೆ. ಆ ಎರಡು ಸದ್ದಿನ ನಡುವೆ ಅವಳ ಮೈ ಒಮ್ಮೆ ಓಲಾಡುತ್ತಿತ್ತು. ಒಂದು ಕಾಲು ಕಾಲೊರಸಿನ ಅಂಚಿನ ಮೇಲೆ ಬಿದ್ದರಂತೂ ಇನ್ನೂ ಕಷ್ಟ.

ಇನ್ನೊಂದು ತೊಂದರೆ ನನಗೆ ಹೊಳೆದೇ ಇರಲಿಲ್ಲ. ಆ ಕೋಲಿನ ಬುಡ ಎರಡೂ ಕಡೆ ಒಂದೇ ಥರ ಇರಲಿಲ್ಲ. ಎರಡು ಕಾಲು ಒಳಗೆ, ಎರಡು ಹೊರಕ್ಕೆ ಚಾಚಿಕೊಂಡಿದ್ದವು. ಚಾಚಿದ ಕಡೆ ಮೈಯಿಂದ ಆಚೆಗಿರಬೇಕು. ನಾವು ತಂದದ್ದು ಎಡಗೈಗೆ ಹೊಂದಿಸಿದ್ದು, ಅಮ್ಮ ಹಿಡಿಯುತ್ತಿದ್ದದ್ದು ಬಲಗೈಯಲ್ಲಿ. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಕಿರುಬೆರಳು ಅದಕ್ಕೆ ತಗುಲಿ ಮುಗ್ಗರಿಸಿದಳು. ಗೋಡೆ ಪಕ್ಕದಲ್ಲೇ ಇತ್ತು, ಹಿಡಿದುಕೊಂಡಳು. "ಇದೇ ನನ್ನನ್ನ ಬೀಳಿಸುತ್ತೆ ಕಣೋ" ಅಂದಳು. ಫಿಸಿಯೋಥೆರಪಿಸ್ಟ್ ಬಂದು, ಗುಂಡಿ ಒತ್ತಿ, ಬುಡವನ್ನು ಆ ಕಡೆ ತಿರುಗಿಸಿಕೊಟ್ಟರು. ಅರ್ಧ ನಿಮಿಷದ ಕೆಲಸ. ಆದರೆ ಅಮ್ಮನ ನಂಬಿಕೆ ಅಷ್ಟೊತ್ತಿಗೆ ಹೋಗಿತ್ತು.

ವಾಕರ್ ಬಂದ ಮೊದಲ ದಿನವೇ ಅವಳು ತಲೆ ಎತ್ತಿ ನಡೆದಳು. ಎರಡೂ ಕೈಗೆ ಆಸರೆ. ಪ್ರತಿ ಹೆಜ್ಜೆಗೂ ಎತ್ತಿಡುವ ಕೆಲಸ ಇಲ್ಲ, ಭಾರ ಹಾಕಿದರೆ ಹಿಂದಿನ ರಬ್ಬರ್ ಕಾಲುಗಳು ನೆಲ ಕಚ್ಚುತ್ತವೆ. ಬ್ರೇಕ್ ಹಿಡಿಯಬೇಕಾಗಿಲ್ಲ. ನಾಲ್ಕು ಚಕ್ರದ್ದು, ಕೂರಲು ಸೀಟು ಇರುವುದು, ಹೊರಗೆ ಜಾಸ್ತಿ ಓಡಾಡುವವರಿಗೆ ಒಳ್ಳೆಯದು. ಅಮ್ಮನ ಬೆರಳುಗಳಿಗೆ ಬ್ರೇಕ್ ಒತ್ತುವಷ್ಟು ಬಲ ಇಲ್ಲ.

ಕೊಳ್ಳುವ ಮುಂಚೆ ಬಚ್ಚಲ ಬಾಗಿಲ ಅಗಲ ಅಳೆಯಿರಿ. ಕುರ್ಚಿಯಿಂದ ಏಳುವಾಗ ವಾಕರ್ ಹಿಡಿದು ಎಳೆಯಬಾರದು, ಅದು ಮಗುಚುತ್ತದೆ. ಕುರ್ಚಿಯ ಕೈಗಳನ್ನು ಒತ್ತಿ ಎದ್ದು, ಆಮೇಲೆ ವಾಕರ್ ಹಿಡಿಯಬೇಕು. ಅಮ್ಮನಿಗೆ ಇದು ರೂಢಿಯಾಗಲು ಹತ್ತು ದಿನ ಬೇಕಾಯಿತು.

ಮೆಟ್ಟಿಲಿಗೆ ಮಾತ್ರ ವಾಕರ್ ಆಗದು. ಅಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಅವಳ ಅಳತೆಗೆ ಕತ್ತರಿಸಿದ ಅಪ್ಪನ ಕೋಲು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಹಿಂದೆ ನಾನಿರುತ್ತೇನೆ, ಇಳಿಯುವಾಗ ಮುಂದೆ.