ಮೆಣಸಿನಪುಡಿ ಲ್ಯಾಬ್ ಟೆಸ್ಟ್: ಒಳಗಿನ ಕೆಲಸ ಸೂಪರ್, ಕೌಂಟರ್ ಅಷ್ಟಕ್ಕಷ್ಟೆ (3/5)

ನಮ್ದು ಬ್ಯಾಡಗಿ ಮೆಣಸಿನಪುಡಿ ಮಾರೋ ಸಣ್ಣ ವ್ಯಾಪಾರ. ಕೀಟನಾಶಕದ ರಿಪೋರ್ಟ್ ಇಲ್ದೆ ಮಾಲು ಎತ್ತಲ್ಲ ಅಂತ ಒಬ್ಬ ಗಿರಾಕಿ ಹಟ ಹಿಡಿದಿದ್ರಿಂದ ಬೆಂಗಳೂರಿನ ಒಂದು ಎನ್‌ಎಬಿಎಲ್ (ಲ್ಯಾಬುಗಳನ್ನ ಪರಿಶೀಲಿಸಿ ಮಾನ್ಯತೆ ಕೊಡೋ ಮಂಡಳಿ) ಮಾನ್ಯತೆ ಇರೋ ಲ್ಯಾಬಿಗೆ ಸ್ಯಾಂಪಲ್ ಕೊಟ್ವಿ, ಹೆಸರು ಬೇಡ ಬಿಡಿ.

ಕೆಮಿಸ್ಟ್ ಮಾತ್ರ ಬಂಗಾರದಂಥ ಮನುಷ್ಯ, ಕೇಳಿದ್ದಕ್ಕೆಲ್ಲ ಬಿಡಿಸಿ ಹೇಳಿದ್ರು. ಕ್ವೆಚರ್ಸ್ ಅನ್ನೋ ವಿಧಾನವಂತೆ, 2003ರಲ್ಲಿ ಬಂದಿದ್ದು. ಒಣ ಪುಡಿ ಆದ್ರಿಂದ ಮೊದ್ಲು ನೀರಲ್ಲಿ ನೆನೆಸಿ, ಅಸಿಟೋನೈಟ್ರೈಲ್ ಅನ್ನೋ ದ್ರಾವಕ ಹಾಕಿ ಜೋರಾಗಿ ಕುಲುಕಿ, ಮೆಗ್ನೀಸಿಯಂ ಸಲ್ಫೇಟು ಉಪ್ಪು ಸೇರಿಸಿದ್ರೆ ನೀರು ಕೆಳಗೆ ಉಳಿದು ಬೆಳೆಗೆ ಹೊಡೆದ ಔಷಧದ ಅಂಶ ಮೇಲಿನ ದ್ರಾವಕದ ಪದರಕ್ಕೆ ಬರುತ್ತೆ, ಅದನ್ನ ಕ್ಲೀನ್ ಮಾಡಿ ಎಲ್‌ಸಿ-ಎಂಎಸ್‌ಎಂಎಸ್ ಮತ್ತೆ ಜಿಸಿ-ಎಂಎಸ್‌ಎಂಎಸ್ ಅನ್ನೋ, ಔಷಧಗಳನ್ನ ಬೇರ್ಪಡಿಸಿ ಗುರುತಿಸೋ ಮಷೀನಿಗೆ ಕೊಡೋದು. ಕೆಜಿಗೆ 0.01 ಮಿಲಿಗ್ರಾಂ ಇದ್ರೂ ಅಳೀತಾರೆ! ತಮಾಷೆ ಏನಂದ್ರೆ ಬ್ಯಾಡಗಿಗೆ ರೇಟು ತರೋ ಕೆಂಪು ಬಣ್ಣನೇ ಅಲ್ಲಿ ತಲೆನೋವು. ಬಣ್ಣ ತೆಗೆಯೋಕೆ ಕಾರ್ಬನ್ ಪುಡಿ ಜಾಸ್ತಿ ಹಾಕಿದ್ರೆ ಕೆಲವು ಔಷಧನೂ ಅದಕ್ಕೇ ಅಂಟ್ಕೊಂಡು ಹೋಗುತ್ತೆ. ಹಾಗಂತ ಬಣ್ಣ ಉಳಿದ್ರೆ ಮಷೀನಿನ ಲೆಕ್ಕ ಹೆಚ್ಚುಕಮ್ಮಿ ಆಗುತ್ತೆ, ಅದಕ್ಕೆ ಔಷಧ ಇಲ್ಲದ ಮೆಣಸಿನಕಾಯಿ ಸಾರದಲ್ಲೇ ಸ್ಟ್ಯಾಂಡರ್ಡ್ (ಗೊತ್ತಿರೋ ಪ್ರಮಾಣದ ಔಷಧ ಬೆರೆಸಿದ ಮಾದರಿ) ಮಾಡ್ಕೊಂಡು ಹೋಲಿಸ್ತಾರೆ.

ಇನ್ನು ಕೌಂಟರ್ ವಿಷ್ಯ. ಒಂದೇ ಸಲಕ್ಕೆ ಹಲವು ಔಷಧ ನೋಡೋ ಟೆಸ್ಟಿದೆ, "ಮಲ್ಟಿ ರೆಸಿಡ್ಯೂ ಪ್ಯಾಕೇಜ್ ತಗೊಳ್ಳಿ ಸರ್, ಎಲ್ಲಾ ಬರುತ್ತೆ" ಅಂದ್ರು. ಎಲ್ಲಾ ಬರಲ್ಲ ಸ್ವಾಮಿ! ಕಾಯಿಕೊಳೆ ರೋಗಕ್ಕೆ ನಮ್ಮ ಕಡೆ ಹೊಡೆಯೋ ಮ್ಯಾಂಕೋಜೆಬ್ ಅನ್ನೋ ಶಿಲೀಂಧ್ರನಾಶಕ ಅದ್ರಲ್ಲಿ ಇರಲೇ ಇಲ್ಲ. ಅದು ಈ ವಿಧಾನಕ್ಕೆ ಸಿಗಲ್ಲ, ಆಸಿಡ್ಡಲ್ಲಿ ಕಾಯಿಸಿ ಬರೋ ಕಾರ್ಬನ್ ಡೈಸಲ್ಫೈಡ್ ಅಳೆದು ಲೆಕ್ಕ ಹಾಕ್ಬೇಕು, ಬೇರೆ ಟೆಸ್ಟು ಬೇರೆ ದುಡ್ಡು. ರಿಪೋರ್ಟಲ್ಲಿ ಸಾಲಾಗಿ ಪತ್ತೆಯಾಗಿಲ್ಲ ಅಂತ ನೋಡಿ ಖುಷಿಯಾಗಿದ್ದೆ, ಗಿರಾಕಿನೇ ಫೋನ್ ಮಾಡಿ ಮ್ಯಾಂಕೋಜೆಬ್ ಎಲ್ಲಿ ಅಂತ ಕೇಳಿದ್ರು. ಮತ್ತೆ ಸ್ಯಾಂಪಲ್, ಮತ್ತೆ ಫೀಸು, ಲೋಡ್ ಲೇಟು. ಎರಡು ಸ್ಟಾರ್ ಹೋಗಿದ್ದು ಇದಕ್ಕೇ.

ಇಷ್ಟೆಲ್ಲ ಯಾಕೆ, ಬಣ್ಣ ಬದಲಾಗೋ ಕಾರ್ಡ್ ಕಿಟ್ ಸಾಕಲ್ಲ ಅನ್ನೋರಿಗೆ: ಅದು ಕೋಲಿನೆಸ್ಟರೇಸ್ ಕಿಣ್ವದ ಮೇಲೆ ನಡೆಯೋದು, ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಅನ್ನೋ ಎರಡು ಗುಂಪಿನ ಕೀಟನಾಶಕ ಬಿಟ್ರೆ ಬೇರೇನೂ ಹಿಡಿಯಲ್ಲ, ಇಮಿಡಾಕ್ಲೋಪ್ರಿಡ್ ಥರದ ಬೇರೆ ಗುಂಪಿನ ಕೀಟನಾಶಕ ಆರಾಮಾಗಿ ಪಾಸಾಗುತ್ತೆ.

ಹೋಗೋರು ನಿಮ್ಮ ರೈತರು ಏನೇನು ಹೊಡೆದಿದ್ದಾರೆ ಅಂತ ಕೇಳಿ ಪಟ್ಟಿ ಹಿಡ್ಕೊಂಡೇ ಹೋಗಿ, ಎನ್‌ಎಬಿಎಲ್ ಸ್ಕೋಪಲ್ಲಿ (ಆ ಲ್ಯಾಬಿಗೆ ಮಾನ್ಯತೆ ಇರೋ ಟೆಸ್ಟುಗಳ ಪಟ್ಟಿ) ಅವುಗಳ ಹೆಸರಿದ್ಯಾ ನೋಡ್ಕೊಂಡು ಆಮೇಲೆ ದುಡ್ಡು ಕಟ್ಟಿ. ಸ್ಯಾಂಪಲ್ಲೂ ಅಷ್ಟೆ, ಒಂದೇ ಚೀಲದ ಮೇಲ್ಗಡೆಯಿಂದ ತುಂಬ್ಕೋಬೇಡಿ, ಬೇರೆ ಬೇರೆ ಚೀಲದಿಂದ ತೆಗೆದು ಕಲಸಿ ಕೊಡಿ.